ತಾರಕೇಶ್ವರನ 100 ಮೀಟರ್

ಹಾನಗಲ್ಲಿನ ತಾರಕೇಶ್ವರ ಗುಡಿ ಉಳಿಯಲೇಬೇಕು, ಅದರಲ್ಲಿ ತಕರಾರಿಲ್ಲ. ತಕರಾರು ಇರುವುದು 2010ರ ತಿದ್ದುಪಡಿಯ ಗೆರೆಯ ಬಗ್ಗೆ. ತಾಜ್ ಮಹಲಿಗೂ ಕನಿಷ್ಠ 100 ಮೀಟರ್, ಸುತ್ತ ಓಣಿಗಳಿರುವ ಈ ಗುಡಿಗೂ ಅಷ್ಟೇ. ಅದರೊಳಗೆ ಅಣ್ಣತಮ್ಮಂದಿರು ಬೇರೆಯಾದರೆ ಮೇಲೊಂದು ಕೋಣೆ ಏರಿಸುವಂತಿಲ್ಲ. ಪುರಸಭೆಯ ಕೈಯಲ್ಲೂ ಏನಿಲ್ಲ. ದುರಸ್ತಿಗೆ ಅರ್ಜಿ ಹಾಕಲೂ ಮನೆ 1992ರ ಜೂನ್ 16ಕ್ಕೆ ಮೊದಲೇ ಇದ್ದಿರಬೇಕು, ಇಲ್ಲವೇ ಅನುಮತಿ ಪಡೆದು ಕಟ್ಟಿದ್ದಾಗಿರಬೇಕು. ಅಜ್ಜ ಕಟ್ಟಿದ ಮಣ್ಣಿನ ಮನೆಗೆ ಯಾವ ಕಾಗದ?

ಇದೇ ಗೆರೆ ತನ್ನ ಕಾಮಗಾರಿಗೆ ಅಡ್ಡ ಬಂದಾಗ ಕೇಂದ್ರ ಸರ್ಕಾರ ವಿನಾಯಿತಿಯ ಮಸೂದೆ ತಂದಿತು. 2018ರ ಜನವರಿಯಲ್ಲಿ ಲೋಕಸಭೆ ಒಪ್ಪಿಯೂ ಬಿಟ್ಟಿತು, ರಾಜ್ಯಸಭೆಯಲ್ಲಿ ತಡೆಯಿತು ಅಷ್ಟೇ. ಅದರಲ್ಲಿ ಸರ್ಕಾರದ ಕಾಮಗಾರಿಗೆ ಜಾಗವಿತ್ತು, ಓಣಿಯವರ ಕೋಣೆಗೆ ಇರಲಿಲ್ಲ. ಪ್ರತಿ ಸ್ಮಾರಕಕ್ಕೂ ಅದರದೇ ಉಪವಿಧಿ ಬೇಕೆಂದು ಕಾಯ್ದೆಯೇ ಹೇಳುತ್ತದೆ. ಹಾನಗಲ್ಲಿನದನ್ನು ದಿಲ್ಲಿಯಲ್ಲಲ್ಲ, ಆ ಓಣಿಯವರೊಂದಿಗೆ ಕೂತು ಬರೆಯಬೇಕು.