ಜಾವಾಕ್ಕೆ ಬೇಕಿರುವುದು ಸದ್ದಲ್ಲ, ಆರೋಗ್ಯ

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದರೂ ಅಲ್ಲಿ ತಯಾರಾದ ಜಾವಾ, ಯೆಜ್ಡಿ ಬೈಕ್‌ಗಳು ಭಾನುವಾರದ ಸವಾರಿಗಳಲ್ಲಿ ಇಂದಿಗೂ ಓಡುತ್ತಿವೆ. ಅವನ್ನು ಜತನದಿಂದ ಉಳಿಸಿಕೊಂಡವರು ಅಭಿನಂದನಾರ್ಹರು. ಆದರೆ ಹೆಚ್ಚು ಶಕ್ತಿಯ ಆಸೆಗೆ ಸೈಲೆನ್ಸರ್‌ನ ಒಳಕೊಳವೆ ತೆಗೆಯುವ ಚಾಳಿ ಎಂಜಿನ್‌ಗೂ ಊರಿಗೂ ಕೇಡು. ಇವುಗಳ ಟೂ-ಸ್ಟ್ರೋಕ್ ಎಂಜಿನ್‌ನಲ್ಲಿ ಸೈಲೆನ್ಸರ್ ಬರೀ ಹೊಗೆ ಕಳಿಸುವ ದಾರಿಯಲ್ಲ. ಅಲ್ಲಿಂದ ಮರಳುವ ಒತ್ತಡದ ಅಲೆ, ಸಿಲಿಂಡರ್‌ನಿಂದ ಜಾರಿಹೋಗುವ ಹೊಸ ಪೆಟ್ರೋಲ್ ಮಿಶ್ರಣವನ್ನು ತಡೆಯಲು ನೆರವಾಗುತ್ತದೆ. ಸೈಲೆನ್ಸರ್‌ನ ಒಳರಚನೆ ಕೆಟ್ಟರೆ ಸದ್ದು ಹೆಚ್ಚಿ, ಕಡಿಮೆ ವೇಗದ ಎಳೆತ ಕುಗ್ಗಬಹುದು. ಆದ್ದರಿಂದ ಹಣ ಮೊದಲು ಸವೆದ ಪಿಸ್ಟನ್ ರಿಂಗ್, ಕ್ರ್ಯಾಂಕ್ ಸೀಲ್, ಇಗ್ನಿಷನ್ ಟೈಮಿಂಗ್, ಕಾರ್ಬುರೇಟರ್ ಮತ್ತು ಬ್ರೇಕ್‌ಗೆ ಹೋಗಲಿ. ಸೈಲೆನ್ಸರ್‌ನ ಮಸಿ ತೆಗೆಸಿದರೆ ಸಾಕು.

ವಾರಕ್ಕೊಮ್ಮೆ ಓಡಿಸುವ ಸ್ವಂತ ಗಾಡಿಗೆ ಇಷ್ಟು ಕಟ್ಟುಪಾಡೇಕೆ ಎಂಬ ಆಕ್ಷೇಪವುಂಟು. ಗಾಡಿ ಸ್ವಂತದ್ದು, ರಸ್ತೆ ಎಲ್ಲರದು. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಮನಬಂದ ಮಾರ್ಪಾಡನ್ನು ಒಪ್ಪುವುದಿಲ್ಲ. ಆಸ್ಪತ್ರೆ, ಶಾಲೆಗಳ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಹಗಲಿನ ಮಿತಿ 50 ಡೆಸಿಬೆಲ್. ಗಾಡಿಯ ಮೂಲ ಸದ್ದಿಗೇ ಅಭಿಮಾನಿಗಳಿದ್ದಾರೆ. ಅದನ್ನು ಕೆಡಿಸದೆ ಎಂಜಿನ್ ಗಟ್ಟಿಮಾಡುವುದೇ ಮೈಸೂರಿನ ಈ ಪರಂಪರೆಗೆ ಸಲ್ಲಿಸುವ ನಿಜವಾದ ಗೌರವ.