ಕಡಲಿನ ಪೈಪೋಟಿ ಮತ್ತು ನಮ್ಮ ಪ್ರಶ್ನೆ

ಚೀನಾ ತನ್ನ ಮೂರನೆಯ ವಿಮಾನವಾಹಕ ನೌಕೆ ಫುಜಿಯಾನ್ ಅನ್ನು 2025ರ ನವೆಂಬರ್‌ನಲ್ಲಿ ಸೇವೆಗೆ ಸೇರಿಸಿಕೊಂಡಿತು. ನಮ್ಮಲ್ಲಿರುವುದು ಎರಡು: ರಷ್ಯಾದಿಂದ ಖರೀದಿಸಿದ ವಿಕ್ರಮಾದಿತ್ಯ ಮತ್ತು ಸುಮಾರು 20,000 ಕೋಟಿ ರೂಪಾಯಿ ವೆಚ್ಚದಲ್ಲಿ ಕೊಚ್ಚಿಯಲ್ಲಿ ನಿರ್ಮಾಣಗೊಂಡು 2022ರಲ್ಲಿ ಸೇವೆಗಿಳಿದ ವಿಕ್ರಾಂತ್. ಮೂರನೆಯದು ಬೇಕೆಂಬುದು ನಮ್ಮ ನೌಕಾಪಡೆಯ ಹಳೆಯ ಬೇಡಿಕೆ.

ಬೇಡಿಕೆಗೆ ಕಾರಣವಿಲ್ಲವೆಂದು ನಾವು ಹೇಳುವುದಿಲ್ಲ. 2020ರಲ್ಲಿ ಗಲ್ವಾನ್‌ನಲ್ಲಿ ನಮ್ಮ ಇಪ್ಪತ್ತು ಯೋಧರು ಹುತಾತ್ಮರಾದುದನ್ನು ಮರೆಯಲಾಗದು. 2008ರಲ್ಲಿ ಸೊಮಾಲಿಯಾದ ಕಡಲ್ಗಳ್ಳರನ್ನು ತಡೆಯಲೆಂದು ಬಂದ ಚೀನೀ ನೌಕೆಗಳು ಆ ಬಳಿಕ ತಂಡತಂಡವಾಗಿ ಬರುತ್ತಲೇ ಇವೆ. 2017ರಲ್ಲಿ ಜಿಬೂತಿಯಲ್ಲಿ ಅದರ ನೆಲೆ ತೆರೆಯಿತು. ಅದೇ ವರ್ಷ ಶ್ರೀಲಂಕಾದ ಹಂಬನ್‌ತೋಟ ಬಂದರು 99 ವರ್ಷಗಳ ಗುತ್ತಿಗೆಗೆ ಚೀನಾದ ಕಂಪೆನಿಯ ಪಾಲಾಯಿತು. ಆದರೆ ಚೀನಾದ ಆತಂಕವೂ ಹುಸಿಯಲ್ಲ. ಅದು ಆಮದು ಮಾಡಿಕೊಳ್ಳುವ ತೈಲದ ಬಹುಪಾಲು ಮಲಕ್ಕಾ ಜಲಸಂಧಿಯ ಮೂಲಕವೇ ಸಾಗಬೇಕು. ಆ ಜಲಸಂಧಿಯ ಪಶ್ಚಿಮದ ಬಾಗಿಲಲ್ಲಿ ಇರುವುದು ನಮ್ಮ ನಿಕೋಬಾರ್. ಒಬ್ಬರ ರಕ್ಷಣೆ ಇನ್ನೊಬ್ಬರಿಗೆ ಬೆದರಿಕೆಯಾಗಿ ಕಾಣುವುದು ಹೀಗೆ.

ಈ ಕಡಲಿಗೆ ಚೀನಾದ ಹಡಗುಗಳು ಬಂದುದು ಮೊದಲ ಬಾರಿಯೇನಲ್ಲ. ಯುನ್ನಾನ್‌ನ ಮುಸ್ಲಿಮ್ ಕುಟುಂಬದಲ್ಲಿ ಹುಟ್ಟಿದ ನೌಕಾಧಿಪತಿ ಝೆಂಗ್ ಹೆ 1405ರಿಂದ 1433ರ ನಡುವೆ ಏಳು ಯಾನಗಳನ್ನು ಕೈಗೊಂಡ. ಕಲ್ಲಿಕೋಟೆ ಅವನ ಮುಖ್ಯ ತಂಗುದಾಣ. ಶ್ರೀಲಂಕಾದ ಗಾಲೆಯಲ್ಲಿ ದೊರೆತ, 1409ರ ದಿನಾಂಕ ಹೊತ್ತ ಅವನ ಶಿಲಾಶಾಸನದಲ್ಲಿ ಚೀನೀ ಭಾಷೆಯಲ್ಲಿ ಬುದ್ಧನಿಗೂ ತಮಿಳಿನಲ್ಲಿ ವಿಷ್ಣುವಿಗೂ ಕಾಣಿಕೆ ಸಲ್ಲಿಸಲಾಗಿದೆ. ಪಾರ್ಸಿಯಲ್ಲಿ ಅಲ್ಲಾಹನ ಸ್ಮರಣೆಯಿದೆ. ಹಾಗೆಂದು ಅವನನ್ನು ಶಾಂತಿದೂತನೆಂದು ಕೊಂಡಾಡುವ ಅಗತ್ಯವೂ ಇಲ್ಲ. ಅದೇ ದ್ವೀಪದ ಅರಸನೊಬ್ಬನನ್ನು ಸೆರೆಹಿಡಿದು ಒಯ್ದವನೂ ಅವನೇ.

ಇಂದಿನ ಪೈಪೋಟಿಯ ನಡುವೆ ಸಿಲುಕಿರುವುದು ಇಂತಹ ದ್ವೀಪಗಳೇ. ಮಾಲ್ದೀವ್ಸ್‌ನಿಂದ 2024ರಲ್ಲಿ ಭಾರತೀಯ ಯೋಧರು ಮರಳಬೇಕಾಗಿ ಬಂದಾಗ ಕೆಲವರು ಆ ದೇಶದ ಧರ್ಮವನ್ನೇ ಚರ್ಚೆಗೆ ಎಳೆತಂದರು. ಬೌದ್ಧ ಬಹುಸಂಖ್ಯಾತ ಶ್ರೀಲಂಕಾ 2022ರಲ್ಲಿ ಭಾರತದ ಆಕ್ಷೇಪವನ್ನು ಬದಿಗೊತ್ತಿ ಚೀನಾದ ಯುವಾನ್ ವಾಂಗ್-5 ಹಡಗಿಗೆ ಬಂದರು ತೆರೆದಾಗ ಇವರಿಗೆ ಧರ್ಮ ನೆನಪಾಗಿತ್ತೇ? ಸಣ್ಣ ದೇಶಗಳು ಇಬ್ಬರ ಬಳಿಯೂ ಚೌಕಾಸಿ ಮಾಡುವುದು ಬದುಕುವ ಉಪಾಯ. ಅದಕ್ಕೆ ಕುಲಗೋತ್ರ ಹುಡುಕುವವರು ರಾಜತಾಂತ್ರಿಕತೆಗೆ ದ್ರೋಹ ಬಗೆಯುತ್ತಾರೆ.

ಇನ್ನು ನಮ್ಮದೇ ಕರಾವಳಿ. ಕಾರವಾರದ ಸೀಬರ್ಡ್ ಯೋಜನೆಗೆ 1986ರಲ್ಲಿ ಶಂಕುಸ್ಥಾಪನೆಯಾಯಿತು. ಕದಂಬ ನೌಕಾನೆಲೆ 2005ರಲ್ಲಿ ಕಾರ್ಯಾರಂಭ ಮಾಡಿತು. ಅದಕ್ಕಾಗಿ ಕಡಲತೀರ ಬಿಟ್ಟೆದ್ದ ಮೀನುಗಾರರೂ ರೈತರೂ ನ್ಯಾಯಯುತ ಪರಿಹಾರಕ್ಕಾಗಿ ದಶಕಗಳ ಕಾಲ ನ್ಯಾಯಾಲಯದ ಮೆಟ್ಟಿಲು ಹತ್ತಿಳಿದರು. ದೇಶರಕ್ಷಣೆಗೆ ಮನೆ ಬಿಟ್ಟುಕೊಟ್ಟವರ ಹಣ ಯಾಕೆ ಅಷ್ಟು ತಡವಾಯಿತೆಂದು ಕೇಳುವುದನ್ನು ಯಾರೂ ದೇಶವಿರೋಧವೆನ್ನಲಾರರು. ಮೂರನೆಯ ವಿಮಾನವಾಹಕದ ಕಡತ ಮುಂದಕ್ಕೆ ಸರಿಯುವಾಗ ಈ ಪ್ರಶ್ನೆಯೂ ಸಂಸತ್ತಿನಲ್ಲಿ ಏಳಬೇಕು. ಕರಾವಳಿಯ ಸಂಸದರಿಂದ ನಾವು ಅಷ್ಟನ್ನಾದರೂ ನಿರೀಕ್ಷಿಸುತ್ತೇವೆ.