ಪರದೆ ಹಾಡಿ ತೋರಿಸುತ್ತದೆ, ಕೇಳಿಸಿಕೊಳ್ಳುವವರು ಯಾರು?

ಶುಕ್ರವಾರ ಬೆಳಿಗ್ಗೆ ಏಳು ಗಂಟೆ. ರಾಬಿಗ್‌ನಲ್ಲಿ ರಜೆಯ ದಿನ, ಬೀದಿಯಲ್ಲಿ ಒಂದು ಕಾರಿನ ಸದ್ದೂ ಇಲ್ಲ. ನಮ್ಮ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್, ಪಕ್ಕದಲ್ಲಿ ತಂಬೂರಿ ನುಡಿಸುತ್ತಿರುವ ಹಳೆಯ ಫೋನು, ಎದುರಿಗೆ ಎಂಟು ವರ್ಷದ ಮಗಳು. ಮೈಸೂರಿನಲ್ಲಿ ಆಗ ಒಂಬತ್ತೂವರೆ. ಟೀಚರ್ ಕಾಫಿ ಮುಗಿಸಿ ಕೂತಿರುತ್ತಾರೆ. "ಎಲ್ಲಿ ಪುಟ್ಟಿ, ಮೊದಲು ಸ ಹಿಡಿ ನೋಡೋಣ" ಅನ್ನುತ್ತಾರೆ.

ಇಲ್ಲಿಗೆ ಬಂದು ತಲುಪಲು ನಮಗೆ ಒಂದು ವರ್ಷ ಬೇಕಾಯಿತು. ಅದರಲ್ಲಿ ಎಂಟು ತಿಂಗಳು ನಾನು ಮಾಡಿದ ಒಂದು ತಪ್ಪಿಗೇ ಹೋಯಿತು. ಮನೆಯಲ್ಲಿ ಪುಟ್ಟ ಮಕ್ಕಳಿಗೆ ಅಂತರ್ಜಾಲದ ನೆರವಿನಿಂದ ಸಂಗೀತ ಶುರು ಮಾಡಿಸಬೇಕೆಂದಿರುವ ನಿಮಗೆ ಆ ಎಂಟು ತಿಂಗಳು ಉಳಿಯಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ರಾಬಿಗ್ ಕೆಂಪು ಸಮುದ್ರದ ದಂಡೆಯ ಊರು. ತೈಲ ಸಂಸ್ಕರಣೆ, ಪೆಟ್ರೋಕೆಮಿಕಲ್, ದಕ್ಷಿಣಕ್ಕೆ ಹೋದರೆ ಥುವಾಲ್‌ನ ವಿಶ್ವವಿದ್ಯಾಲಯ. ಇಲ್ಲಿಗೆ ಬಂದ ನಮ್ಮಂಥವರೆಲ್ಲ ಇವುಗಳಲ್ಲಿ ಯಾವುದೋ ಒಂದಕ್ಕೆ ಬಂದವರು. ಕನ್ನಡದಲ್ಲಿ ಸಂಗೀತ ಹೇಳಿಕೊಡುವವರು ನನಗೆ ಹತ್ತಿರದಲ್ಲಿ ಸಿಗಲಿಲ್ಲ. ಜೆಡ್ಡಾಗೆ ಹೋಗಿ ಬರುವುದೆಂದರೆ ಅರ್ಧ ದಿನ. ಹಾಗಾಗಿ ಯೂಟ್ಯೂಬ್ ತೆರೆದೆ. ಸರಳೆ ವರಸೆಯ ವಿಡಿಯೋಗಳಿಗೆ ಬರವೇ ಇಲ್ಲ. ಚೆನ್ನಾಗಿ ಹಾಡುವ ಒಬ್ಬರ ಸರಣಿ ಆರಿಸಿಕೊಂಡು, ನನ್ನ ವೃತ್ತಿಯ ಚಾಳಿಯಂತೆ ಒಂದು ಎಕ್ಸೆಲ್ ಹಾಳೆ ಮಾಡಿದೆ. ವರಸೆ ಒಂದು, ಎರಡು, ಮೂರು. ಮೂರು ಕಾಲ. ಮುಗಿದದ್ದಕ್ಕೆಲ್ಲ ಹಸಿರು ಬಣ್ಣ. ಎಂಟು ತಿಂಗಳಲ್ಲಿ ಹಾಳೆ ಪೂರ್ತಿ ಹಸಿರಾಯಿತು. ಜಂಟಿ ವರಸೆಗೂ ಬಂದಿದ್ದೆವು.

ಬೇಸಿಗೆ ರಜೆಗೆ ಮೈಸೂರಿಗೆ ಹೋದಾಗ ಅಜ್ಜಿಯ ಮುಂದೆ ಕೂರಿಸಿದೆ. ನನ್ನಮ್ಮ ಮದುವೆಗೆ ಮುಂಚೆ ಸೀನಿಯರ್ ಪರೀಕ್ಷೆಯವರೆಗೆ ಕಲಿತವರು. ಮಗಳು ವಿಡಿಯೋ ಹಾಕಿಕೊಂಡು ಚೂಟಿಯಾಗಿ ಹಾಡಿದಳು. ಅಮ್ಮ ಎಲ್ಲವನ್ನೂ ಕೇಳಿ, ವಿಡಿಯೋ ನಿಲ್ಲಿಸಿ, ಬರೀ ತಂಬೂರಿ ಹಾಕಿ, "ಈಗ ಸ ಅನ್ನು ಕಂದ" ಅಂದರು. ಮಗಳು ಬಾಯಿ ತೆರೆದಳು. ಸ ಎಲ್ಲೋ ಹೋಗಿ ಬಿತ್ತು. ಇನ್ನೊಮ್ಮೆ ಪ್ರಯತ್ನಿಸಿದಳು, ಇನ್ನೆಲ್ಲೋ ಬಿತ್ತು. ಮೂರನೆಯ ಸಲ ಕಣ್ಣಲ್ಲಿ ನೀರು. "ಅಮ್ಮಾ, ಸ ಎಲ್ಲಿದೆ ಅಂತ ಗೊತ್ತಾಗ್ತಿಲ್ಲ. ನಂಗೆ ಸಂಗೀತ ಬೇಡ" ಎಂದು ಒಳಗೆ ಓಡಿದಳು.

ಅಮ್ಮ ನನ್ನನ್ನು ಬೈಯಲಿಲ್ಲ. "ಮಗು ಹಾಡ್ತಾ ಇರ್ಲಿಲ್ಲ ಕಣೆ, ವಿಡಿಯೋ ಹಿಂದೆ ಓಡ್ತಾ ಇತ್ತು" ಎಂದಷ್ಟೇ ಹೇಳಿದರು. ಅದು ಬೈಗುಳಕ್ಕಿಂತ ಜಾಸ್ತಿ ತಟ್ಟಿತು. ಪ್ರಯೋಗಾಲಯದಲ್ಲಿ ನಾವು ಹೊಸ ವಿದ್ಯಾರ್ಥಿಗಳಿಗೆ ಹೇಳುವ ಮೊದಲ ಪಾಠವೇ ಇದು: ಅಳೆಯಲು ಸುಲಭವಾದದ್ದನ್ನು ಅಳೆದು, ಬೇಕಾದದ್ದನ್ನು ಅಳೆದೆವೆಂದು ನಂಬಬೇಡಿ. ನಾನು ಅಳೆದದ್ದು ನೋಡಿ ಮುಗಿಸಿದ ವಿಡಿಯೋಗಳನ್ನು. ಮಗು ಕೇಳಿಸಿಕೊಳ್ಳುತ್ತಿದೆಯೇ ಎಂಬುದನ್ನು ಒಂದು ದಿನವೂ ಅಳೆದಿರಲಿಲ್ಲ.

ಮಾಯಾಮಾಳವಗೌಳವೇ ಯಾಕೆ?

ಸರಳೆ, ಜಂಟಿ, ಅಲಂಕಾರ, ಗೀತೆ ಎಂಬ ಈ ಮೆಟ್ಟಿಲುಗಳನ್ನು ಪುರಂದರದಾಸರು ಹಾಕಿಕೊಟ್ಟರೆಂದು ಸಂಪ್ರದಾಯ ಹೇಳುತ್ತದೆ. ಆರಂಭಕ್ಕೆ 15ನೆಯ ಮೇಳವಾದ ಮಾಯಾಮಾಳವಗೌಳವನ್ನು ಆರಿಸಿದ್ದಕ್ಕೆ ಅಮ್ಮ ಕೊಟ್ಟ ಕಾರಣ ನನಗೆ ತುಂಬ ಹಿಡಿಸಿತು. ಸ-ರಿ ಹತ್ತಿರ, ರಿ-ಗ ದೂರ, ಗ-ಮ ಮತ್ತೆ ಹತ್ತಿರ. ಮೇಲಿನ ಅರ್ಧದಲ್ಲೂ ಅದೇ ನಕ್ಷೆ: ಪ-ದ ಹತ್ತಿರ, ದ-ನಿ ದೂರ, ನಿ-ಸ ಹತ್ತಿರ. ಅಂದರೆ ಮಗು ಒಂದೇ ಆಕಾರವನ್ನು ಎರಡು ಕಡೆ ಗುರುತಿಸಲು ಕಲಿಯುತ್ತದೆ, ಸಣ್ಣ ಹೆಜ್ಜೆಗೂ ದೊಡ್ಡ ಹೆಜ್ಜೆಗೂ ಇರುವ ವ್ಯತ್ಯಾಸ ಕಿವಿಗೆ ಸ್ಪಷ್ಟವಾಗಿ ಬೀಳುತ್ತದೆ. ಇದು ಕಿವಿಯ ಪಾಠ. ವಿಡಿಯೋದ ಜೊತೆಜೊತೆಗೇ ಹಾಡಿದರೆ ಈ ಪಾಠ ನಡೆಯುವುದೇ ಇಲ್ಲ, ಯಾಕೆಂದರೆ ಹೆಜ್ಜೆ ಹಾಕುತ್ತಿರುವವರು ಬೇರೆಯವರು. ಮಗು ಅವರ ಕೈ ಹಿಡಿದಿದೆ, ಅಷ್ಟೇ.

ಆ್ಯಪ್ ಕೆಂಪು ತೋರಿಸಿತು, ಅಜ್ಜಿ "ಸರಿ" ಅಂದರು

ಮಗಳನ್ನು ಮತ್ತೆ ಕೂರಿಸಲು ನಾನು ಹೂಡಿದ ಮುಂದಿನ ಉಪಾಯ ಇನ್ನೊಂದು ತಪ್ಪು. ಸ್ವರ ಅಳೆಯುವ ಟ್ಯೂನರ್ ಆ್ಯಪ್ ಹಾಕಿಕೊಟ್ಟೆ. ಸರಿಯಾಗಿ ಹಾಡಿದರೆ ಹಸಿರು, ತಪ್ಪಿದರೆ ಕೆಂಪು. ಎರಡೇ ದಿನದಲ್ಲಿ ಅವಳು ಮುಳ್ಳನ್ನು ನೋಡಿ ಹಾಡಲು ಶುರು ಮಾಡಿದಳು. ಕಿವಿಯ ಕೆಲಸ ಕಣ್ಣಿಗೆ ಹೋಯಿತು. ಇನ್ನೂ ತಮಾಷೆಯೆಂದರೆ, ಒಂದು ದಿನ ಅವಳ ಗಾಂಧಾರ ತಂಬೂರಿಯಲ್ಲಿ ಕರಗಿ ಹೋಗುವಷ್ಟು ಚೆನ್ನಾಗಿ ಬಂತು, ಅಜ್ಜಿ "ಭೇಷ್" ಅಂದರು, ಆ್ಯಪ್ ಮಾತ್ರ ಕೆಂಪು ತೋರಿಸಿತು.

ಇಬ್ಬರಲ್ಲಿ ಯಾರು ಸರಿ? ಲೆಕ್ಕ ಸರಳ. ಸ 200 ಹರ್ಟ್ಜ್ ಇದೆ ಎಂದುಕೊಳ್ಳಿ. ತಂಬೂರಿಯ ತಂತಿ ಮೀಟಿದಾಗ 200ರ ಜೊತೆಗೆ 400, 600, 800, 1000 ಹರ್ಟ್ಜ್‌ಗಳೂ ಹುಟ್ಟುತ್ತವೆ. ಆ 1000ವನ್ನು ಎರಡು ಸ್ಥಾಯಿ ಕೆಳಗಿಳಿಸಿದರೆ 250. ಅದೇ ಅಂತರ ಗಾಂಧಾರ. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯಲ್ಲಿ ಯಾರೂ ಮೀಟದೆಯೇ ಕೇಳಿಬರುವ ಇದನ್ನು ಹಿರಿಯರು ಸ್ವಯಂಭೂ ಗಾಂಧಾರ ಎನ್ನುತ್ತಾರೆ. ಪಿಯಾನೋದಲ್ಲಿ ಸ್ಥಾಯಿಯನ್ನು ಹನ್ನೆರಡು ಸಮ ಪಾಲು ಮಾಡಿರುವುದರಿಂದ ಅದೇ ಸ್ವರ ಸುಮಾರು 252ಕ್ಕೆ ಬರುತ್ತದೆ. ಹೆಚ್ಚಿನ ಟ್ಯೂನರ್ ಆ್ಯಪ್‌ಗಳು ಪಿಯಾನೋದ ಲೆಕ್ಕದವು. ಮಗಳು ತಂಬೂರಿಗೆ ಸೇರಿ ಹಾಡಿದ್ದಳು, ಆ್ಯಪ್ ಪಿಯಾನೋಗೆ ಸೇರಿಲ್ಲವೆಂದು ಗದರಿತು. ಅಂದೇ ಅದನ್ನು ಫೋನಿನಿಂದ ತೆಗೆದೆ. ಸ ಮತ್ತು ಪ ಪರೀಕ್ಷಿಸಲು ದೊಡ್ಡವರು ಬೇಕಾದರೆ ಬಳಸಲಿ, ಮಗುವಿನ ಕಣ್ಣೆದುರು ಬೇಡ.

ಹಾಗಾದರೆ ಏನನ್ನು ಇಟ್ಟುಕೊಳ್ಳಬೇಕು?

ಮೊದಲನೆಯದು ತಂಬೂರಿ. ಎಲೆಕ್ಟ್ರಾನಿಕ್ ತಂಬೂರಿ ನಮ್ಮ ಬೆಂಗಳೂರಿನದೇ ಕೊಡುಗೆ. ಕೊಳಲು ನುಡಿಸುತ್ತಿದ್ದ ಎಂಜಿನಿಯರ್ ಜಿ. ರಾಜನಾರಾಯಣ್ 1979ರಲ್ಲಿ ಅದನ್ನು ರೂಪಿಸಿದರು, ಅವರ ರಾಡೆಲ್ ಪೆಟ್ಟಿಗೆ ಎಷ್ಟೋ ಮನೆಗಳ ಪೂಜೆ ಕೋಣೆಯ ಪಕ್ಕ ಇರುತ್ತದೆ. ಈಗ ಫೋನಿನ ಉಚಿತ ಆ್ಯಪ್‌ಗಳೂ ಸಾಕು. ಆದರೆ ಫೋನಿನ ಪುಟ್ಟ ಸ್ಪೀಕರಿನಲ್ಲಿ ಮಂದ್ರ ಕೇಳಿಸುವುದೇ ಇಲ್ಲ. ಸಾಧಾರಣ ಬ್ಲೂಟೂತ್ ಸ್ಪೀಕರ್ ಒಂದಕ್ಕೆ ಜೋಡಿಸಿ, ವ್ಯತ್ಯಾಸ ನಿಮಗೇ ತಿಳಿಯುತ್ತದೆ.

ಎರಡನೆಯದು ಮಗುವಿನ ಶ್ರುತಿ. ನಾವು ನೋಡುತ್ತಿದ್ದ ವಿಡಿಯೋ ಐದೂವರೆ ಮನೆಯಲ್ಲಿತ್ತು. ಮೇಲಿನ ಸ ಬಂದಾಗಲೆಲ್ಲ ನನ್ನ ಮಗಳು ಕಿರುಚುತ್ತಿದ್ದಳು, ನಾನು ಅದನ್ನು ಉತ್ಸಾಹ ಎಂದುಕೊಂಡಿದ್ದೆ. ಟೀಚರ್ ಮೊದಲ ದಿನವೇ ನಾಲ್ಕು ಮನೆಗೆ ಇಳಿಸಿದರು. ಇಷ್ಟದ ಧ್ವನಿಮುದ್ರಣ ಬೇರೆ ಶ್ರುತಿಯಲ್ಲಿದ್ದರೆ ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ವೇಗ ಬದಲಾಗದಂತೆ ಶ್ರುತಿಯನ್ನಷ್ಟೇ ಏರಿಸಿ ಇಳಿಸಬಹುದು. ವೇಗ ಮಾತ್ರ ಕಡಿಮೆ ಬೇಕಾದರೆ ಯೂಟ್ಯೂಬಿನಲ್ಲೇ ಆ ಗುಂಡಿ ಇದೆ, ಶ್ರುತಿ ಕೆಡುವುದಿಲ್ಲ.

ಮೂರನೆಯದು ನಂಬಬಹುದಾದ ಪಾಠ. ಕಂಪ್ಯೂಟರ್ ವಿಜ್ಞಾನಿ ಶಿವಕುಮಾರ್ ಕಲ್ಯಾಣರಾಮನ್ ಅವರ ಜಾಲತಾಣದಲ್ಲಿ ಕೃತಿಗಳ ಸ್ವರಲಿಪಿ ಮತ್ತು ಪಾಠದ ಧ್ವನಿಮುದ್ರಣ ಉಚಿತವಾಗಿ ಸಿಗುತ್ತವೆ. ಅವರು ವಿದೇಶದಲ್ಲಿ ಪ್ರಾಧ್ಯಾಪಕರಾಗಿದ್ದವರು, ನಮ್ಮ ಕಷ್ಟ ಬಲ್ಲವರು. ಸ್ವರಗಳನ್ನು ನೀವೇ ಕನ್ನಡ ಅಕ್ಷರದಲ್ಲಿ ಒಂದು ಪುಸ್ತಕಕ್ಕೆ ಬರೆದುಕೊಡಿ. ಮಗುವಿಗೆ ಸ್ವರದ ಜೊತೆ ಅಕ್ಷರವೂ ಬರುತ್ತದೆ, ಒಂದೇ ಕಲ್ಲಿಗೆ ಎರಡು ಹಣ್ಣು.

ನಾಲ್ಕನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು, ಕೇಳಿಸಿಕೊಳ್ಳುವ ಒಂದು ಕಿವಿ. ವಾರಕ್ಕೆ ಅರ್ಧ ಗಂಟೆಯಾದರೂ ಸಾಕು. ಸೌದಿಯಲ್ಲಿರುವ ನಮಗೆ ಶುಕ್ರವಾರ ರಜೆ, ಆ ಹೊತ್ತು ಊರಿನಲ್ಲಿ ಮಕ್ಕಳೆಲ್ಲ ಶಾಲೆಯಲ್ಲಿರುತ್ತಾರೆ, ಸಂಗೀತದ ಟೀಚರ್‌ಗಳಿಗೆ ಬಿಡುವು. ಭಾನುವಾರದ ಸಮಯ ಕೇಳಿ ಇಲ್ಲವೆನ್ನಿಸಿಕೊಂಡ ಮೇಲೆ ನನಗೆ ಹೊಳೆದದ್ದು ಇದು.

ಜೊತೆಗೆ ಹಾಡಲಾಗದ ತರಗತಿ

ಆನ್‌ಲೈನ್ ತರಗತಿಯಲ್ಲಿ ಟೀಚರ್ ಮತ್ತು ಮಗು ಒಟ್ಟಿಗೆ ಹಾಡಲು ಹೋದರೆ ಗೊಂದಲವಾಗುತ್ತದೆ. ಅದು ನೆಟ್‌ವರ್ಕಿನ ದೋಷವೆಂದು ಹಣ ಸುರಿದು ಪ್ಲಾನ್ ಬದಲಿಸಬೇಡಿ. ಇಲ್ಲಿಂದ ಮೈಸೂರಿಗೆ ನೇರ ದೂರವೇ ಸುಮಾರು 4,000 ಕಿಲೋಮೀಟರ್. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ, ಅಂದರೆ ಹೋಗಲು 20, ಬರಲು 20 ಮಿಲಿಸೆಕೆಂಡ್. ಇದರ ಮೇಲೆ ಕೇಬಲ್ಲಿನ ಸುತ್ತುದಾರಿ, ಆ್ಯಪ್ ಶಬ್ದವನ್ನು ಕಟ್ಟಿ ಬಿಚ್ಚುವ ಸಮಯ. ಹೋಗಿಬರುವಷ್ಟರಲ್ಲಿ 200, 300 ಮಿಲಿಸೆಕೆಂಡ್ ಆಗುವುದು ಸಾಮಾನ್ಯ. ಸಂಗೀತಗಾರರು ಆರಾಮಾಗಿ ಜೊತೆಗೂಡಿ ನುಡಿಸಲು ತಡ 25, 30 ಮಿಲಿಸೆಕೆಂಡಿನೊಳಗೆ ಇರಬೇಕು. ಸೆಕೆಂಡಿಗೆ ಒಂದು ತಟ್ಟಿನ ಲೆಕ್ಕದಲ್ಲಿ ಮೂರನೆಯ ಕಾಲದ ಒಂದು ಸ್ವರಕ್ಕೆ ಸಿಗುವುದೇ 250 ಮಿಲಿಸೆಕೆಂಡ್. ಮಗು ಒಂದು ಸ್ವರ ಹಿಂದೆ ಬಿದ್ದಂತೆ ಕೇಳಿಸಿದರೆ ಅದು ಅದರ ತಪ್ಪಲ್ಲ.

ನಮ್ಮ ಟೀಚರ್ ಇದಕ್ಕೆ ಕಂಡುಕೊಂಡ ದಾರಿ: ತಾವು ಒಂದು ಆವರ್ತ ಹಾಡಿ ಮೌನವಾಗುತ್ತಾರೆ, ಆಮೇಲೆ ಮಗು ಒಂಟಿಯಾಗಿ ಹಾಡಬೇಕು. ಮಗುವಿನ ದನಿಯೂ ತಾಳದ ಕೈಯೂ ಹೆಚ್ಚುಕಡಿಮೆ ಒಟ್ಟಿಗೇ ತಡವಾಗಿ ತಲುಪುವುದರಿಂದ ತಾಳ ತಪ್ಪಿದರೆ ಅವರಿಗೆ ಗೊತ್ತಾಗುತ್ತದೆ. ಯೋಚಿಸಿದರೆ, ವಿಡಿಯೋ ನನ್ನ ಮಗಳಿಂದ ಕಿತ್ತುಕೊಂಡಿದ್ದ ಒಂಟಿತನವನ್ನು ಈ ತಡವೇ ಮರಳಿ ಕೊಟ್ಟಿತು.

ಒಂದು ಸಣ್ಣ ವಿಷಯ ಮರೆಯಬೇಡಿ. ಜೂಮ್‌ನಂಥ ಆ್ಯಪ್‌ಗಳು ಒಂದೇ ಸಮನೆ ಕೇಳಿಬರುವ ಸದ್ದನ್ನು ಗಲಾಟೆ ಎಂದು ಅಳಿಸುತ್ತವೆ. ಫ್ಯಾನಿನ ಸದ್ದಿಗೂ ತಂಬೂರಿಗೂ ಅದಕ್ಕೆ ಭೇದವಿಲ್ಲ. ಟೀಚರ್‌ಗೆ ತಂಬೂರಿಯೇ ಕೇಳಿಸದಿದ್ದರೆ ಶ್ರುತಿ ಹೇಗೆ ತಿದ್ದಿಯಾರು? ಆಡಿಯೋ ಸೆಟ್ಟಿಂಗಿನಲ್ಲಿ 'ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್' ಎಂಬುದನ್ನು ಹಾಕಿಕೊಳ್ಳಿ, ಟೀಚರ್ ದನಿ ಹೆಡ್‌ಫೋನಿನಲ್ಲಿ ಬರಲಿ, ತಂಬೂರಿ ಕೋಣೆಯಲ್ಲಿ ನಡೆಯಲಿ.

ಕೇಬಲ್ ತುಂಡಾದ ವಾರ

2025ರ ಸೆಪ್ಟೆಂಬರ್ ಮೊದಲ ವಾರ ಜೆಡ್ಡಾ ಹತ್ತಿರ ಕೆಂಪು ಸಮುದ್ರದಡಿಯ ಕೇಬಲ್‌ಗಳು ತುಂಡಾದದ್ದು ನಿಮಗೆ ನೆನಪಿರಬಹುದು. ಭಾರತದ ಕಡೆಗೂ ಇಂಟರ್ನೆಟ್ ತೆವಳಿತು. ನಮ್ಮ ತರಗತಿಯಲ್ಲಿ ಟೀಚರ್ ಮುಖ ಚೌಕ ಚೌಕವಾಗಿ ಒಡೆದು ನಿಂತಿತು. ಆಗ ಅವರು ವಾಟ್ಸ್‌ಆ್ಯಪ್ಪಿನಲ್ಲಿ ಒಂದು ವರಸೆ ಹಾಡಿ ಕಳಿಸಿದರು: "ನಿಧಾನವಾಗಿ ಕೇಳು, ನಿನಗೆ ಒಪ್ಪಿಗೆಯಾದಾಗ ಹಾಡಿ ಕಳಿಸು."

ಮಗಳು ಕೋಣೆಯ ಬಾಗಿಲು ಹಾಕಿಕೊಂಡಳು. ಹಾಡಿದಳು, ಕೇಳಿದಳು, ಅಳಿಸಿದಳು. ಆರು ಸಲ. ಏಳನೆಯದನ್ನು ಕಳಿಸಿ ಹೊರಗೆ ಬಂದು, "ಅಮ್ಮಾ, ದ ಸ್ವಲ್ಪ ಮೇಲೆ ಹೋಗ್ತಿತ್ತು, ಸರಿ ಮಾಡ್ದೆ" ಅಂದಳು. ಎಂಟು ತಿಂಗಳ ನನ್ನ ಹಸಿರು ಹಾಳೆಯಲ್ಲಿ ಇಂಥ ಒಂದು ಸಾಲೂ ಇರಲಿಲ್ಲ. ತನ್ನ ದನಿಯನ್ನು ತಾನೇ ಕೇಳಿಸಿಕೊಂಡು ತಿದ್ದುವುದು ಅವಳಿಗೆ ಬಂದಿತ್ತು. ಕೇಬಲ್ ಸರಿಯಾದ ಮೇಲೂ ನಾವು ಆ ಪದ್ಧತಿ ಬಿಟ್ಟಿಲ್ಲ. ಶುಕ್ರವಾರ ತರಗತಿ, ಮಂಗಳವಾರ ಒಂದು ಧ್ವನಿಮುದ್ರಣ.

ಉಳಿದ ದಿನ ಹದಿನೈದೇ ನಿಮಿಷ. ಮೊದಲ ಐದು ನಿಮಿಷ ಬರೀ ಸ ಮತ್ತು ಪ, ತಂಬೂರಿಯ ಜೊತೆ. ಆಮೇಲೆ ಟೀಚರ್ ಧ್ವನಿಮುದ್ರಣ ಬಾಯಿ ಮುಚ್ಚಿ ಎರಡು ಸಲ ಕೇಳುವುದು, ಅದನ್ನು ನಿಲ್ಲಿಸಿ ಹಾಡುವುದು. ಯಾವುದರ ಜೊತೆಗೂ ಒಟ್ಟಿಗೆ ಹಾಡುವಂತಿಲ್ಲ, ಇದೊಂದೇ ಮನೆಯ ನಿಯಮ. ಎಕ್ಸೆಲ್ ಹಾಳೆ ಅಳಿಸಿದ್ದೇನೆ. ಬದಲಿಗೆ ತಿಂಗಳ ಮೊದಲ ಶುಕ್ರವಾರ ಅದೇ ಮೊದಲ ಸರಳೆ ವರಸೆಯನ್ನು ಅದೇ ಶ್ರುತಿಯಲ್ಲಿ ಮುದ್ರಿಸಿ ಇಡುತ್ತೇವೆ. ಹಿಂದಿನದನ್ನೂ ಈಗಿನದನ್ನೂ ಒಂದರ ಹಿಂದೆ ಒಂದು ಕೇಳಿದರೆ ಪ್ರಗತಿಗೆ ಬೇರೆ ಸಾಕ್ಷಿ ಬೇಡ.

ಈಗಲೂ ನಾವಿರುವುದು ಸರಳೆ, ಜಂಟಿಗಳಲ್ಲೇ. ಅಲಂಕಾರ, ಮಲಹರಿಯ ಗೀತೆಗಳೆಲ್ಲ ಇನ್ನೂ ದೂರ. ಚಳಿಗಾಲದ ರಜೆಗೆ ಊರಿಗೆ ಹೋದಾಗ ಮಗಳು ಒಂದು ರಾತ್ರಿ ಅಜ್ಜಿ ಮನೆಯ ಹಳೇ ಯುಪಿಎಸ್ ಮುಂದೆ ಕೂತು, "ಇದು ನಮ್ಮನೆ ಫ್ರಿಜ್‌ಗಿಂತ ಕೆಳಗಿನ ಶ್ರುತಿಯಲ್ಲಿದೆ" ಅಂದಳು. ನಾನು ನಕ್ಕೆ, ಆಮೇಲೆ ಲೆಕ್ಕ ಹಾಕಿದೆ. ಭಾರತದ ವಿದ್ಯುತ್ತು 50 ಹರ್ಟ್ಜ್, ಸೌದಿಯದು 60. ಇಂಥ ಯಂತ್ರಗಳ ಗುಂಯ್‌ ಸದ್ದು ಅದರ ಇಮ್ಮಡಿ, ಅಲ್ಲಿ 100, ಇಲ್ಲಿ 120. ಅಜ್ಜಿಯ ಯುಪಿಎಸ್ಸನ್ನು ಸ ಎಂದುಕೊಂಡರೆ ರಾಬಿಗ್‌ನ ನಮ್ಮ ಫ್ರಿಜ್ ಸಾಧಾರಣ ಗಾಂಧಾರ!

ಅಮ್ಮನಿಗೆ ಇದನ್ನು ವಿವರಿಸಿದೆ. ಅವರಿಗೆ ಹರ್ಟ್ಜ್ ಬೇಕಿರಲಿಲ್ಲ. "ಮಗೂಗೆ ಕಿವಿ ಬಂತು ಬಿಡು" ಎಂದು ದೀಪ ಆರಿಸಿದರು.

ನಿಮ್ಮ ಮನೆಯಲ್ಲೂ ಇವತ್ತೇ ಒಂದು ಪರೀಕ್ಷೆ ಮಾಡಿ ನೋಡಿ. ವಿಡಿಯೋ ನಿಲ್ಲಿಸಿ, ತಂಬೂರಿ ಹಾಕಿ, ಮಗುವಿಗೆ ಸ ಹಿಡಿಯಲು ಹೇಳಿ. ಸಿಗದಿದ್ದರೆ ಗಾಬರಿ ಬೇಡ, ಮಗುವನ್ನು ಗದರಲೂಬೇಡಿ. ಪಕ್ಕದಲ್ಲಿ ಕೂತು ನೀವೂ ಹುಡುಕಿ.